ಮುತ್ತು ಬಿಟ್ಟ ಮೇಲೆ ಸರ ಪೋಣಿಸಿದ್ದು

ಸರ ಪೋಣಿಸುವುದು ನನ್ನ ಕಸುಬು. ಪ್ರಾಣಿಗಳಿಂದ ಬಂದದ್ದನ್ನು ಒಡವೆಗೆ ಬಳಸುವುದಿಲ್ಲ ಎಂದು ತೀರ್ಮಾನಿಸಿದಾಗ ಮೊದಲು ಬಿಟ್ಟಿದ್ದು ಮುತ್ತು. ‘ಅದು ಚಿಪ್ಪಿನೊಳಗೆ ತಾನೇ ಬೆಳೆಯುತ್ತದಲ್ಲ, ಹಿಂಸೆ ಎಲ್ಲಿ ಬಂತು?’ ಎಂದು ಈಗಲೂ ಕೇಳುತ್ತಾರೆ. ತಾನೇ ಬೆಳೆದ ಮುತ್ತು ಇಂದು ಬಲು ಅಪರೂಪ. ಜಪಾನಿನ ಮಿಕಿಮೊಟೊ 1893ರಲ್ಲಿ ಅರೆಗೋಲದ ಮುತ್ತು ಬೆಳೆಸಿ ತೋರಿಸಿದ, ಅಲ್ಲಿಂದೀಚೆಗೆ ಮುತ್ತು ಒಂದು ಕೃಷಿ. ಒಂದು ಚಿಪ್ಪುಜೀವಿಯನ್ನು ಕೊಂದು ಅದರ ಪೊರೆಯನ್ನು ಚೂರು ಮಾಡುತ್ತಾರೆ. ಇನ್ನೊಂದರ ಚಿಪ್ಪಿಗೆ ಬೆಣೆ ಕೊಟ್ಟು, ಒಳಗೆ ಕೊಯ್ದು, ಆ ಚೂರನ್ನು ಕೂರಿಸುತ್ತಾರೆ; ಕಡಲ ಮುತ್ತಾದರೆ ಸಾಮಾನ್ಯವಾಗಿ ಜೊತೆಗೆ ಒಂದು ಗುಂಡು ಮಣಿಯನ್ನೂ ಇಡುತ್ತಾರೆ. ಗುಂಡೂ ಸಿಹಿನೀರಿನ ಚಿಪ್ಪನ್ನು ಕಡೆದು ಮಾಡಿದ್ದೇ. ಅಕೋಯ ಎಂಬ ಕಡಲ ಚಿಪ್ಪುಜೀವಿಯ ಮುತ್ತಾದರೆ ಕೊಯ್ಲಿನ ಹೊತ್ತಿಗೆ ಜೀವಿ ಸಾಮಾನ್ಯವಾಗಿ ಸಾಯುತ್ತದೆ.

ಅದಕ್ಕೆ ನೋವಾಗುತ್ತದೆಯೇ? ಮಿದುಳಿಲ್ಲ, ನರಗಂಟುಗಳಿವೆ, ವಾದ ಮುಗಿದಿಲ್ಲ. ಒಡವೆ ಇಲ್ಲದಿದ್ದರೆ ಯಾರೂ ಸಾಯುವುದಿಲ್ಲ, ನನಗೆ ಅಷ್ಟು ಸಾಕಾಯಿತು.

ಆದರೆ ಕೃತಕ ಮುತ್ತು ತಂದುಬಿಟ್ಟರೆ ಕೆಲಸ ಮುಗಿಯಲಿಲ್ಲ. ‘ಶೆಲ್ ಪರ್ಲ್’ ಎಂದು ಮಾರುವುದರ ಒಳಗುಂಡು ಚಿಪ್ಪಿನದೇ. ಗಾಜಿನ ಮಣಿಗೆ ಮುತ್ತಿನ ಹೊಳಪು ಕೊಡುವ ಹಳೆಯ ಲೇಪ ಮೀನಿನ ಹುರುಪೆಯಿಂದ ತೆಗೆದ ಗ್ವಾನೀನ್. 17ನೇ ಶತಮಾನದ ಪ್ಯಾರಿಸ್ಸಿನಲ್ಲೇ ಇದನ್ನು ಟೊಳ್ಳು ಗಾಜಿನ ಮಣಿಯೊಳಗೆ ಬಳಿಯುತ್ತಿದ್ದರು. ಟೈಟಾನಿಯಂ ಡೈಆಕ್ಸೈಡ್ ಲೇಪಿಸಿದ ಅಭ್ರಕದ (ಮೈಕಾ) ಪುಡಿಯಿಂದಲೂ ಹತ್ತಿರ ಹತ್ತಿರ ಅದೇ ಹೊಳಪು ಬರುತ್ತದೆ. ಅಭ್ರಕದ ಗಣಿಗಳಲ್ಲಿ ಮಕ್ಕಳ ದುಡಿಮೆ ಇದೆ, ಹಾಗಾಗಿ ಕೃತಕ ಅಭ್ರಕವೇ ನನ್ನ ಮೊದಲ ಆಯ್ಕೆ. ಮಣಿ ಕೊಡುವವರನ್ನು ಒಳಗುಂಡು ಯಾವುದರದ್ದು, ಹೊಳಪು ಯಾವುದರದ್ದು ಎಂದು ಬರಹದಲ್ಲೇ ಕೇಳುತ್ತೇನೆ. ‘ಫಸ್ಟ್ ಕ್ವಾಲಿಟಿ ಮೇಡಂ’ ಎಂಬ ಉತ್ತರ ಬಂದರೆ ಅಲ್ಲಿಗೇ ಬಿಡುತ್ತೇನೆ.

ಪ್ಲಾಸ್ಟಿಕ್ ಮಣಿ ನನಗೆ ಹಿಡಿಸಲಿಲ್ಲ. ಹಗುರ, ಸರ ಕೊರಳಿಗೆ ಕೂರದೆ ಓಡಾಡುತ್ತದೆ. ಗಾಜಿನ ತೂಕ ಮುತ್ತಿಗೆ ಹತ್ತಿರ. ತೂತನ್ನು ಮಾತ್ರ ಭೂತಗನ್ನಡಿಯಲ್ಲಿ ನೋಡಲೇಬೇಕು: ಲೇಪ ಅಂಚಿನಲ್ಲಿ ಸುಕ್ಕುಗಟ್ಟಿ ಎದ್ದಿದ್ದರೆ ಆ ಮಣಿ ಬೇಗ ಸಿಪ್ಪೆ ಬಿಡುತ್ತದೆ, ಗಾಜಿನ ಅಂಚು ಚೂಪಾಗಿದ್ದರೆ ದಾರವನ್ನೇ ಕೊಯ್ಯುತ್ತದೆ.

ದಾರದ ವಿಷಯಕ್ಕೆ ಬಂದರೆ, ಮುತ್ತನ್ನು ಪೋಣಿಸುವುದು ರೇಷ್ಮೆಯಲ್ಲಿ, ರೇಷ್ಮೆ ಬರುವುದು ಹುಳುವಿರುವ ಗೂಡನ್ನೇ ಬೇಯಿಸಿ. ಹಾಗಾಗಿ ಪಾಲಿಯೆಸ್ಟರ್‌ಗೆ ಬಂದೆ. ಮಣಿ ಮಣಿಯ ನಡುವೆ ಹಾಕುವ ಗಂಟು ರೇಷ್ಮೆಯಲ್ಲಿ ಕಚ್ಚಿ ಹಿಡಿಯುತ್ತದೆ, ಇದರಲ್ಲಿ ಜಾರುತ್ತದೆ. ಗಂಟಿನ ಕುಣಿಕೆಗೆ ಸೂಜಿ ತೂರಿಸಿ, ಅದರ ಮೊನೆಯಲ್ಲೇ ಗಂಟನ್ನು ಮಣಿಯ ಬುಡಕ್ಕೆ ತಳ್ಳಿ, ಸೂಜಿ ಎಳೆದ ಕ್ಷಣವೇ ಚಿಮಟದಿಂದ ಬಿಗಿಯಬೇಕು. ತೂತು ದೊಡ್ಡದಿದ್ದರೆ ಎರಡೆಳೆ ದಾರ.

ಗುಂಡು ಬಿಳಿ ಮಣಿಯೇ ಬೇಕೆಂದಿಲ್ಲದವರಿಗೆ ಚಂದ್ರಕಾಂತ ಶಿಲೆ (ಮೂನ್‌ಸ್ಟೋನ್) ತೋರಿಸುತ್ತೇನೆ. ಅದರ ಬೆಳಕು ಒಳಗಿನಿಂದ ಬಂದಂತಿರುತ್ತದೆ, ಯಾವುದರ ನಕಲೂ ಅಲ್ಲ. ಪೆಟ್ಟು ಬಿದ್ದರೆ ಸೀಳುತ್ತದೆ, ಉಂಗುರಕ್ಕೆ ಬೇಡ.

ಅಜ್ಜಿಯ ಕಾಲದ ಮುತ್ತಿನ ಸರ ಹೊಸದಾಗಿ ಪೋಣಿಸಿಕೊಡಿ ಎಂದು ಬಂದರೆ ಇಲ್ಲ ಎನ್ನುವುದಿಲ್ಲ. ಅದರಿಂದ ಹೊಸ ಚಿಪ್ಪು ಕೊಯ್ಯಬೇಕಾಗಿ ಬರುವುದಿಲ್ಲ. ಮುತ್ತು ಕಳೆದಿದ್ದರೆ ಆ ಜಾಗಕ್ಕೆ ಮುತ್ತು ತರಿಸುವುದಿಲ್ಲ, ಅಷ್ಟೇ. ಗಿರಾಕಿಗೆ ಮೊದಲೇ ಹೇಳಿ, ಗಾಜಿನ ಮಣಿಯನ್ನು ಕೊಂಡಿಯ ಪಕ್ಕಕ್ಕೆ ಹಾಕುತ್ತೇನೆ. ಕತ್ತಿನ ಹಿಂದೆ ಅದನ್ನು ಯಾರೂ ಗಮನಿಸುವುದಿಲ್ಲ.