ಬಿಪಿ ಮಾತ್ರೆ ಒಂದಕ್ಕಿಂತ ಹೆಚ್ಚೇ? ಮೊದಲು ಎಲ್ಲ ಸ್ಟ್ರಿಪ್ ಒಟ್ಟಿಗೆ ಇಟ್ಟು ನೋಡಿ

ಸಕಲೇಶಪುರ, ಬೇಲೂರಿನ ಕಡೆ ಎಷ್ಟೋ ಮನೆಗಳಿಗೆ ಬಿಪಿ ಮಾತ್ರೆ ಎರಡು ದಾರಿಯಲ್ಲಿ ಬರುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಕೊಟ್ಟದ್ದು ಒಂದು, ಹಾಸನದ ಡಾಕ್ಟರು ಬರೆದದ್ದು ಇನ್ನೊಂದು. ಎರಡು ಬಗೆಯ ಔಷಧ ಸೇರಿಸಿ ಕೊಡುವುದು ತಪ್ಪಲ್ಲ, ಅನೇಕರಿಗೆ ಒಂದರಿಂದ ಬಿಪಿ ಹತೋಟಿಗೆ ಬರುವುದೇ ಇಲ್ಲ. ಒಬ್ಬ ಡಾಕ್ಟರು ಕೊಟ್ಟದ್ದು ಇನ್ನೊಬ್ಬರಿಗೆ ಗೊತ್ತಿಲ್ಲದಿದ್ದಾಗಲೇ ಅಪಾಯ.

ಮೊದಲು ಮನೆಯಲ್ಲಿರುವ ಎಲ್ಲ ಸ್ಟ್ರಿಪ್‌ಗಳನ್ನೂ ಮೇಜಿನ ಮೇಲೆ ಹರಡಿ. ಸಕ್ಕರೆ ಕಾಯಿಲೆಯದು, ನೋವಿನದು, ನೆಗಡಿಯದು, ನಾಟಿ ಪುಡಿ ಎಲ್ಲವೂ ಇರಲಿ. ಕಂಪನಿಯ ಹೆಸರು ಬಿಟ್ಟು ಮೂಲ ಔಷಧದ ಹೆಸರನ್ನು ಹಾಳೆಯಲ್ಲಿ ಬರೆದುಕೊಳ್ಳಿ. ಅಕ್ಷರ ಸಣ್ಣದಾದರೆ ಮಕ್ಕಳಿಂದ ಓದಿಸಿ.

ಈಗ ಒಂದೇ ಔಷಧ ಎರಡು ಕಡೆ ಇದೆಯೇ ನೋಡಿ. ಆಸ್ಪತ್ರೆಯ ಬಿಳಿ ಮಾತ್ರೆ ಆಮ್ಲೋಡಿಪಿನ್ 5 ಎಂಜಿ ಎನ್ನಿ. ಹಾಸನದಿಂದ ತಂದ ಟೆಲ್ಮಿಸಾರ್ಟನ್ ಸ್ಟ್ರಿಪ್ ಮೇಲೆ ‘ಎಎಂ’ (AM) ಎಂದಿದ್ದರೆ ಅದರೊಳಗೂ ಸಾಮಾನ್ಯವಾಗಿ ಆಮ್ಲೋಡಿಪಿನ್ 5 ಇರುತ್ತದೆ. ಗೊತ್ತಿಲ್ಲದೇ ದಿನಕ್ಕೆ 10 ಆಯಿತು. ಪಾದ ಊದಿಕೊಳ್ಳುತ್ತದೆ, ಊತಕ್ಕೆಂದು ಮೂರನೆಯವರು ಮೂತ್ರ ಹೋಗುವ ಮಾತ್ರೆ ಬರೆಯುತ್ತಾರೆ. ಬೇಕಿಲ್ಲದ ಔಷಧ ಹೀಗೆ ಒಂದರ ಹಿಂದೊಂದು ಸೇರುವುದು ನನಗೆ ನಿಜಕ್ಕೂ ಸಂಕಟದ ವಿಷಯ.

ಆಮೇಲೆ ಹೆಸರಿನ ಕೊನೆ ಗಮನಿಸಿ. ‘ಸಾರ್ಟನ್’ ಮತ್ತು ‘ಪ್ರಿಲ್’ (ಟೆಲ್ಮಿಸಾರ್ಟನ್, ರಾಮಿಪ್ರಿಲ್) ಸಾಮಾನ್ಯವಾಗಿ ಜೊತೆಯಲ್ಲಿ ಕೊಡುವುದಿಲ್ಲ. 2008ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ಈ ಎರಡನ್ನೇ ಜೋಡಿಸಿ ನೋಡಿದಾಗ ಹೆಚ್ಚುವರಿ ಲಾಭ ಸಿಗಲಿಲ್ಲ, ಕಿಡ್ನಿಗೆ ತೊಂದರೆ ಹೆಚ್ಚಿತು. ಮೆಟೊಪ್ರೊಲಾಲ್, ಅಟೆನೊಲಾಲ್ ಜೊತೆ ವೆರಾಪಮಿಲ್ ಅಥವಾ ಡಿಲ್ಟಿಯಾಜೆಮ್ ಇದ್ದರೆ ನಾಡಿ ತೀರಾ ನಿಧಾನವಾಗಬಹುದು. ಇಂಥ ಜೋಡಿ ಕಂಡರೆ ಅದೇ ದಿನ ಡಾಕ್ಟರಿಗೆ ಫೋನ್ ಮಾಡಿ. ನೀವೇ ನಿಲ್ಲಿಸಬೇಡಿ, ಮೆಟೊಪ್ರೊಲಾಲ್, ಕ್ಲೋನಿಡಿನ್ ಥರದವನ್ನು ತಟ್ಟನೆ ಬಿಟ್ಟರೆ ಬಿಪಿ ಏರಿಬಿಡಬಹುದು.

ಕಾಫಿ ಕೊಯ್ಲಿನ ಕಾಲದಲ್ಲಿ ಇನ್ನೊಂದು ಎಚ್ಚರ ಬೇಕು. ದಿನವಿಡೀ ಇಳಿಜಾರಿನಲ್ಲಿ ಹಣ್ಣು ಬಿಡಿಸಿ ಬಂದವರು ಸೊಂಟನೋವಿಗೆ ಡೈಕ್ಲೊಫೆನಾಕ್, ಐಬುಪ್ರೊಫೆನ್ ನುಂಗುತ್ತಾರೆ. ಸಾರ್ಟನ್ ಅಥವಾ ಪ್ರಿಲ್, ಮೂತ್ರ ಹೋಗುವ ಮಾತ್ರೆ, ಅದರ ಮೇಲೆ ಈ ನೋವಿನ ಮಾತ್ರೆ: ಮೂರೂ ಸೇರಿದರೆ ಕಿಡ್ನಿ ಹಠಾತ್ತನೆ ಕೆಡಬಹುದು, ನೀರು ಕುಡಿಯದೆ ದುಡಿದವರಿಗೆ ಇನ್ನೂ ಬೇಗ. ನೋವಿಗೆ ಪ್ಯಾರಾಸಿಟಮಾಲ್ ಸಾಕೇ ಎಂದು ಕೇಳಿ. ವಾಂತಿ-ಭೇದಿಯಾದ ದಿನ ಬಿಪಿ ಮಾತ್ರೆ ಹೇಗೆ ತೆಗೆದುಕೊಳ್ಳಬೇಕೆಂದೂ ಮೊದಲೇ ಕೇಳಿಟ್ಟುಕೊಳ್ಳಿ.

ಸ್ಪೈರೊನೊಲ್ಯಾಕ್ಟೋನ್ (ದೇಹದಲ್ಲಿ ಪೊಟ್ಯಾಸಿಯಂ ಉಳಿಸುವ, ಮೂತ್ರ ಹೋಗುವ ಮಾತ್ರೆ) ಇದ್ದವರು ‘ಲೋ ಸೋಡಿಯಂ’ ಉಪ್ಪು ಬಳಸುವ ಮುನ್ನ ಡಾಕ್ಟರನ್ನು ಕೇಳಬೇಕು. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ, ರಕ್ತದಲ್ಲಿ ಅದು ಏರಿದರೆ ಹೃದಯದ ಲಯ ತಪ್ಪುತ್ತದೆ. ಸಾರ್ಟನ್, ಪ್ರಿಲ್ ಅಥವಾ ಸ್ಪೈರೊನೊಲ್ಯಾಕ್ಟೋನ್ ಹೊಸದಾಗಿ ಶುರು ಮಾಡಿದ ಒಂದೆರಡು ವಾರದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಎಂದು ತೋರಿಸುವ ರಕ್ತ ಪರೀಕ್ಷೆ), ಪೊಟ್ಯಾಸಿಯಂ ಪರೀಕ್ಷೆ ಮಾಡಿಸಿ. ಗರ್ಭಿಣಿಯರಿಗೆ ಸಾರ್ಟನ್, ಪ್ರಿಲ್ ಎರಡೂ ಬೇಡ.

ಬರೆದ ಹಾಳೆಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಎರಡೂ ಕಡೆಯ ಡಾಕ್ಟರಿಗೆ ತೋರಿಸಿ, ‘ಇದರಲ್ಲಿ ಯಾವುದು ಬೇಡ?’ ಎಂದೇ ಕೇಳಿ. ಏಳುವಾಗ ಕಣ್ಣು ಕತ್ತಲೆ ಬರುವುದು, ಮೂತ್ರ ಕಡಿಮೆಯಾಗುವುದು, ನಾಡಿ 50ಕ್ಕಿಂತ ಕೆಳಗಿಳಿಯುವುದು ಕಂಡರೆ ಮುಂದಿನ ತಿಂಗಳ ಸರದಿಗೆ ಕಾಯಬೇಡಿ. ಎಚ್ಚರ ತಪ್ಪಿದರೆ 108ಕ್ಕೆ ಕರೆ ಮಾಡಿ.