ಪಿತ್ತನಾಳದ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ನಂತರ ಬಯಾಪ್ಸಿ ವರದಿಯನ್ನು ಓದುವ ಬಗೆ

ಬೆಂಗಳೂರಿನಲ್ಲೋ ಮಣಿಪಾಲದಲ್ಲೋ ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ದಾವಣಗೆರೆಗೆ ಮರಳುವವರು ಡಿಸ್ಚಾರ್ಜ್ ಸಮರಿಯನ್ನು ಜೋಪಾನ ಮಾಡುತ್ತಾರೆ. ಆದರೆ ಕೆಲವು ದಿನಗಳ ನಂತರ ಬರುವ ಅಂತಿಮ ಬಯಾಪ್ಸಿ ವರದಿಯನ್ನು, ಅಂದರೆ ಕತ್ತರಿಸಿ ತೆಗೆದ ಭಾಗದ ಪರೀಕ್ಷೆಯ ವರದಿಯನ್ನು, ತರಿಸಿಕೊಳ್ಳಲು ಮರೆಯುತ್ತಾರೆ. ಮುಂದಿನ ಆಯುಸ್ಸಿನ ಅಂದಾಜಿಗೆ ಮುಖ್ಯ ಆಧಾರ ಅದೇ.

ಮೊದಲು ಅಂಚಿನ ವಿವರವನ್ನು ನೋಡಿರಿ. ಕತ್ತರಿಸಿ ತೆಗೆದ ಭಾಗದ ಅಂಚಿನಲ್ಲಿ ಸೂಕ್ಷ್ಮದರ್ಶಕಕ್ಕೂ ಕ್ಯಾನ್ಸರ್ ಕೋಶ ಕಾಣದಿದ್ದರೆ 'ಆರ್ 0' ಎಂದೂ, ಕಂಡರೆ 'ಆರ್ 1' ಎಂದೂ ಬರೆಯುತ್ತಾರೆ; ಮೊದಲನೆಯದರಲ್ಲಿ ಬದುಕುಳಿಯುವ ಸಾಧ್ಯತೆ ಹೆಚ್ಚು.

ಅನಂತರ ದುಗ್ಧಗ್ರಂಥಿಗಳ (ಲಿಂಫ್ ನೋಡ್) ಲೆಕ್ಕ. ಎಷ್ಟು ಗ್ರಂಥಿಗಳನ್ನು ಪರೀಕ್ಷಿಸಿದರು, ಎಷ್ಟರಲ್ಲಿ ರೋಗವಿತ್ತು ಎಂಬ ಎರಡೂ ಸಂಖ್ಯೆಗಳು ಬೇಕು. ಏಕೆಂದರೆ ಎರಡೇ ಗ್ರಂಥಿಗಳನ್ನು ನೋಡಿ 'ರೋಗವಿಲ್ಲ' ಎಂದರೆ ಅದರ ಮೇಲೆ ಹೆಚ್ಚು ಭರವಸೆಯಿಡಲಾಗದು. ಯಕೃತ್ತಿನ ಹೊರಗಿನ ಪಿತ್ತನಾಳದ ಕ್ಯಾನ್ಸರಿನಲ್ಲಿ 1ರಿಂದ 3 ಗ್ರಂಥಿಗಳಿಗೆ ಹರಡಿದ್ದರೆ 'ಎನ್ 1', 4 ಅಥವಾ ಹೆಚ್ಚಾದರೆ 'ಎನ್ 2'. ಗೆಡ್ಡೆಯ ಆಳ, ಕೋಶಗಳ ದರ್ಜೆ, ನರ ಮತ್ತು ರಕ್ತನಾಳಗಳಿಗೆ ನುಗ್ಗಿರುವಿಕೆ ಇವೂ ಲೆಕ್ಕಕ್ಕೆ ಬರುತ್ತವೆ.

ಕ್ಯಾನ್ಸರಿನ ಸುಳಿವು ಕೊಡುವ ಸಿಎ 19-9 ಎಂಬ ವಸ್ತುವಿನ ರಕ್ತಪರೀಕ್ಷೆಯ ವಿಷಯದಲ್ಲಿ ಎಚ್ಚರವಿರಲಿ: ಕಾಮಾಲೆಯಿದ್ದಾಗ ಅದು ಕ್ಯಾನ್ಸರ್ ಇಲ್ಲದೆಯೂ ಏರಬಹುದು, ಕೆಲವರ ದೇಹದಲ್ಲಿ ಅದು ಉತ್ಪತ್ತಿಯೇ ಆಗುವುದಿಲ್ಲ.

ಈ ವರದಿಯನ್ನು ಊರಿನ ಕ್ಯಾನ್ಸರ್ ತಜ್ಞರಿಗೆ ತೋರಿಸಿ, ಸುಮಾರು 6 ತಿಂಗಳ ಕ್ಯಾಪೆಸಿಟಾಬಿನ್ ಎಂಬ ಕಿಮೊಥೆರಪಿ ಮಾತ್ರೆಯ ಚಿಕಿತ್ಸೆ ತಮಗೆ ಹೊಂದುವುದೇ ಎಂದು ತಡಮಾಡದೆ ಕೇಳಿರಿ.