ನಾಲ್ಕೇ ಸೆಮಿಸ್ಟರ್‌ನಲ್ಲಿ ಕೋಸ್ಟಲ್ ಎಂಜಿನಿಯರಿಂಗ್ ಮಾಸ್ಟರ್ಸ್: ನಾನು ಮುಗಿಸಿದ ರೀತಿ

ನಮ್ಮ ಡಿಗ್ರಿಗೆ ಬೇಕಿದ್ದದ್ದು 30 ಕ್ರೆಡಿಟ್. 24 ಪಾಠಕ್ಕೆ, 6 ಥೀಸಿಸ್‌ಗೆ. ಕಾಗದದ ಮೇಲೆ ಸುಲಭ. ಆದರೆ ಫ್ಲೂಮ್‌ನಲ್ಲಿ, ಅಂದರೆ ಅಲೆ ಎಬ್ಬಿಸುವ ಉದ್ದನೆಯ ನೀರಿನ ತೊಟ್ಟಿಯಲ್ಲಿ, ಪ್ರಯೋಗ ಮಾಡುವವರು ಐದನೇ ಸೆಮಿಸ್ಟರ್‌ಗೆ ಜಾರುವುದೇ ರೂಢಿ. ಅಷ್ಟು ಹೊತ್ತಿಗೆ ಸ್ಟೈಪೆಂಡ್ ನಿಂತಿರುತ್ತದೆ, ಫೀಸು ಕೈಯಿಂದ ಕಟ್ಟಬೇಕು. ನನ್ನ ಬಳಿ ಆ ದುಡ್ಡು ಇರಲಿಲ್ಲ.

ಹಾಗಾಗಿ ಮೊದಲ ಸೆಮಿಸ್ಟರ್‌ನಲ್ಲೇ ಫ್ಲೂಮ್‌ಗೆ ಇಳಿದೆ. ಪ್ರತಿ ಕೋರ್ಸಿನ ಪ್ರಾಜೆಕ್ಟನ್ನೂ ಒಂದೇ ಬ್ರೇಕ್‌ವಾಟರ್ (ಅಲೆ ತಡೆಯುವ ಕಲ್ಲಿನ ಒಡ್ಡು) ಮೇಲೆ ಮಾಡಿದೆ. ವೇವ್ ಮೆಕ್ಯಾನಿಕ್ಸ್‌ಗೆ ಅಲೆಯ ಉದ್ದ, ಶೋಲಿಂಗ್ (ಆಳ ಕಡಿಮೆಯಾದಂತೆ ಅಲೆಯ ಎತ್ತರ ಬದಲಾಗುವುದು). ರ್‍ಯಾಂಡಮ್ ವೇವ್ಸ್‌ಗೆ ಜಾನ್‌ಸ್ವಾಪ್ ಸ್ಪೆಕ್ಟ್ರಮ್ (ಸಮುದ್ರದ ಅಲೆಗಳಲ್ಲಿ ಶಕ್ತಿ ಹೇಗೆ ಹಂಚಿದೆ ಅನ್ನುವ ಸೂತ್ರ), ಪ್ರತಿಫಲನ (ಒಡ್ಡಿಗೆ ಬಡಿದ ಅಲೆ ವಾಪಸಾಗುವುದು). ಸ್ಟ್ರಕ್ಚರ್ಸ್‌ಗೆ ಅಲೆಗೆ ನಿಲ್ಲಲು ಕಲ್ಲು ಎಷ್ಟು ದೊಡ್ಡದಿರಬೇಕು ಅಂತ ಹೇಳುವ ಹಡ್ಸನ್, ವ್ಯಾನ್ ಡರ್ ಮೀರ್ ಸೂತ್ರಗಳು. ನ್ಯೂಮರಿಕಲ್ ಕೋರ್ಸಿಗೆ ಅದೇ ಸೆಕ್ಷನ್ ಸ್ವಾಶ್ ಅನ್ನುವ ಅಲೆಯ ಸಾಫ್ಟ್‌ವೇರ್‌ನಲ್ಲಿ. "ಪಾಠವೇ ಮುಗಿದಿಲ್ಲ, ಏನು ಅಳೀತೀಯ?" ಅಂತ ಸೀನಿಯರ್‌ಗಳು ಕೇಳಿದರು. ಥೀಸಿಸ್ ಕಮಿಟಿಯ ಒಬ್ಬರಿಗೂ ಅದೇ ಅನುಮಾನ. ಒಂದು ಮಾತು: ಒಂದೇ ಡೇಟಾ ಎರಡು ಕಡೆ ಬಳಸುತ್ತೇನೆ ಅಂತ ಪ್ರತಿ ಮೇಷ್ಟ್ರಿಗೂ ಮೊದಲೇ ಬರೆದು ಒಪ್ಪಿಗೆ ಪಡೆದಿದ್ದೆ. ಅದಿಲ್ಲದೆ ಇದಕ್ಕೆ ಕೈ ಹಾಕಬೇಡಿ.

ಮಾಡೆಲ್ 1:25. ಉದ್ದ 25 ಪಟ್ಟು ಇಳಿದರೆ ಕಾಲ ಅದರ ವರ್ಗಮೂಲದಷ್ಟು, ತೂಕ ಅದರ ಘನದಷ್ಟು ಇಳಿಯುತ್ತದೆ. ಅಂದರೆ 10 ಸೆಕೆಂಡಿನ ಅಲೆ 2 ಸೆಕೆಂಡಾಗುತ್ತದೆ, 5 ಟನ್ನಿನ ಕಲ್ಲು ಸುಮಾರು 320 ಗ್ರಾಂ. ಒಂದು ಟೆಸ್ಟಿಗೆ 1000 ಅಲೆ, ಅರ್ಧ ಗಂಟೆ ಚಿಲ್ಲರೆ. ಆಮೇಲೆ ನೀರು ತಣ್ಣಗಾಗುವವರೆಗೆ, ಅಂದರೆ ಅಲ್ಲಾಟ ನಿಲ್ಲುವವರೆಗೆ, ಇನ್ನೊಂದು ಕಾಲು ಗಂಟೆ.

ಮೊದಲು ಎಡವಿದ್ದು ಪ್ರೋಬ್ (ಅಲೆಯ ಎತ್ತರ ಅಳೆಯುವ ಸಾಧನ) ಇಟ್ಟ ಜಾಗದಲ್ಲಿ. ನೀರಿನ ಆಳ 40 ಸೆಂ.ಮೀ., ಅಲೆಯ ಉದ್ದ 3.7 ಮೀಟರ್. ಎರಡು ಪ್ರೋಬ್‌ಗಳನ್ನು ಸುಮಾರು 1.85 ಮೀಟರ್ ದೂರದಲ್ಲಿ ಕಟ್ಟಿದ್ದೆ. ಸರಿಯಾಗಿ ಅರ್ಧ ಅಲೆ! ಅಷ್ಟು ದೂರಕ್ಕೆ ಬಂದ ಅಲೆಯನ್ನೂ ವಾಪಸ್ ಹೋದದ್ದನ್ನೂ ಬೇರ್ಪಡಿಸಲು ಆಗುವುದಿಲ್ಲ. ಪ್ರತಿಫಲನ ಗುಣಾಂಕ 1.3 ಬಂತು. ಬಂದ ಅಲೆಗಿಂತ ವಾಪಸ್ ಹೋದದ್ದೇ ದೊಡ್ಡದು, ಆಗೋ ಮಾತಾ ಅದು? ಎರಡು ವಾರದ ಟೆಸ್ಟ್ ಎಲ್ಲಾ ಹಾಳು. ಆಮೇಲೆ ಮೂರು ಪ್ರೋಬ್ ಇಟ್ಟು ಮ್ಯಾನ್‌ಸಾರ್ಡ್ ಮತ್ತು ಫಂಕೆ ವಿಧಾನ (1980) ಹಿಡಿದೆ. 0.35ರ ಆಸುಪಾಸಿಗೆ ಬಂದು ನಿಂತಿತು. ದೂರಗಳನ್ನು ಹೇಗೆ ಆರಿಸಿದೆ ಅನ್ನುವುದನ್ನು ಇಲ್ಲಿ ಬಿಚ್ಚಿಡುವುದಿಲ್ಲ. ಅದಿನ್ನೂ ಒಂದು ಪೇಪರ್ ಆಗಬೇಕು.

ಎರಡನೆಯ ಪೆಟ್ಟು ಬಣ್ಣದ್ದು. ಯಾವ ಕಲ್ಲು ಎಲ್ಲಿಂದ ಉರುಳಿತು ಅಂತ ಕಾಣಲಿ ಅಂತ ಸಾಲು ಸಾಲಾಗಿ ಬೇರೆ ಬೇರೆ ಎನಾಮಲ್ ಬಳಿದೆ. ದಪ್ಪ ಬಳಿದೆ. ಕಲ್ಲು ನುಣುಪಾಯಿತು, ಒಂದಕ್ಕೊಂದು ಕಚ್ಚಿಕೊಳ್ಳಲಿಲ್ಲ, ಚಿಕ್ಕ ಅಲೆಗೇ ಜಾರಿದವು. ಡ್ಯಾಮೇಜ್ ಲೆಕ್ಕಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು. ಹೊಸ ಕಲ್ಲಿಗೆ, ಜರಡಿಗೆ, ತೂಗುವ ಹುಡುಗನಿಗೆ ಸುಮಾರು ಒಂದೂವರೆ ತಿಂಗಳ ಸ್ಟೈಪೆಂಡ್ ಹೋಯಿತು. ಎರಡನೇ ಸಲ ಬಣ್ಣವನ್ನು ನೀರಿನಂತೆ ತೆಳು ಮಾಡಿ ಒಂದೇ ಕೈ ಬಳಿದೆ. ಕಲ್ಲಿನ ತರಿ ಬೆರಳಿಗೆ ಸಿಗಬೇಕು, ಅಷ್ಟೇ.

ನಡುವೆ ಇನ್ನೊಂದು ಹುಚ್ಚು ಹಿಡಿಯಿತು. ಬೆಳಿಗ್ಗೆ ಕ್ಯಾಲಿಬ್ರೇಟ್ ಮಾಡಿದ ಪ್ರೋಬ್ ಮಧ್ಯಾಹ್ನ ಯಾಕೆ ಬೇರೆ ಹೇಳುತ್ತೆ? ಸುಮ್ನೆ ಒಂದು ಥರ್ಮಾಮೀಟರ್ ಇಳಿಬಿಟ್ಟೆ. ನೀರು 3–4 ಡಿಗ್ರಿ ಬಿಸಿಯಾಗಿತ್ತು. ಪ್ರೋಬ್ ಅಳೆಯುವುದೇ ನೀರಿನ ವಿದ್ಯುತ್ ವಾಹಕತೆಯ ಮೂಲಕ, ಅದು ಡಿಗ್ರಿಗೆ ಸುಮಾರು 2 ಶೇಕಡಾ ಏರುತ್ತದೆ. ನನ್ನ ಓದಿನಲ್ಲಿ 7 ಶೇಕಡಾ ತಪ್ಪು. ಟ್ಯಾಂಕನ್ನು ಹಿಂದಿನ ರಾತ್ರಿಯೇ ತುಂಬಿಸಿಟ್ಟು, ಊಟದ ನಂತರ ಮತ್ತೊಮ್ಮೆ ಕ್ಯಾಲಿಬ್ರೇಟ್ ಮಾಡತೊಡಗಿದೆ. ಈ ಸಣ್ಣ ಗ್ರಾಫು ಥೀಸಿಸ್‌ನ ಅನುಬಂಧದಲ್ಲಿದೆ. ನನಗೆ ಇಡೀ ಥೀಸಿಸ್‌ನಲ್ಲಿ ಅದೇ ಜಾಸ್ತಿ ಇಷ್ಟ.

ಮೂರನೇ ಸೆಮಿಸ್ಟರ್ ಮುಗಿಯುವಾಗ ಒಳ್ಳೆಯ ಟೆಸ್ಟ್‌ಗಳು ನಲವತ್ತರ ಹತ್ತಿರ ಇದ್ದವು, ಐದು ಅಧ್ಯಾಯದಲ್ಲಿ ನಾಲ್ಕು ಪ್ರಾಜೆಕ್ಟ್ ರಿಪೋರ್ಟ್ ರೂಪದಲ್ಲಿ ಆಗಲೇ ತಿದ್ದಿಸಿಕೊಂಡು ಬಂದಿದ್ದವು. ನಾಲ್ಕನೇ ಸೆಮಿಸ್ಟರ್‌ನಲ್ಲಿ ಹೊಲಿಗೆ ಹಾಕಿದ್ದಷ್ಟೇ. ನನ್ನ ಬ್ಯಾಚಿನಲ್ಲಿ ಪ್ರಯೋಗ ಮಾಡಿ ಹೊತ್ತಿಗೆ ಸರಿಯಾಗಿ ಮುಗಿಸಿದವಳು ನಾನೊಬ್ಬಳೇ.

ಥೀಸಿಸ್ ಡಿಫೆನ್ಸ್‌ನಲ್ಲಿ, ಮೊದಲು ಅನುಮಾನಪಟ್ಟಿದ್ದ ಅದೇ ಸರ್ ಮೊದಲು ಕೇಳಿದ್ದು ಪ್ರತಿಫಲನದ ಬಗ್ಗೆ. 1.3 ಬಂದಿದ್ದ ಹಳೆಯ ಗ್ರಾಫನ್ನೇ ಪರದೆ ಮೇಲೆ ಹಾಕಿ, ಅಲ್ಲಿಂದಲೇ ವಿವರಿಸತೊಡಗಿದೆ.